ಇಮೇಲ್ ಕಾಗದ ದಾರಿಯಲ್ಲಿ ತಪ್ಪುವುದೇಕೆ?



ಊರು ಬಿಟ್ಟು ಚೆನ್ನೈಗೆ ದುಡಿಯಲು ಬಂದ ನಮ್ಮಂಥವರಿಗೆ ಸ್ಥಿರವಾದ ವಿಳಾಸವೆಂಬುದಿಲ್ಲ. ಇಂದು ಪೆರಂಬೂರಿನಲ್ಲಿ ಕೊಠಡಿ, ಆರು ತಿಂಗಳಿಗೆ ಅಂಬತ್ತೂರಿನಲ್ಲಿ. ಫೋನಿನ ಸಂಖ್ಯೆಯೂ ಹಾಗೆಯೇ ಬದಲಾಗುತ್ತಿರುತ್ತದೆ. ಆದುದರಿಂದಲೇ ನಮ್ಮ ವಾಚನಾಲಯವು ತನ್ನದೇ ಆದ ಒಂದು ಚಿಕ್ಕ ಸರ್ವರಿನಲ್ಲಿ ಸದಸ್ಯರಿಗೆ ಒಂದೊಂದು ಇಮೇಲ್ ವಿಳಾಸವನ್ನು ಕೊಟ್ಟು, ಅಲ್ಲಿಗೆ ಬಂದ ಕಾಗದವನ್ನು ಅವರವರ ಸ್ವಂತ ಖಾತೆಗೆ ರವಾನಿಸುವ ಏರ್ಪಾಡು ಮಾಡಿದೆ. ಗಿರಣಿಯ ಲೆಕ್ಕ ಮುಗಿಸಿ ಬಂದು ಸಂಜೆ ಈ ಸರ್ವರನ್ನು ನೋಡಿಕೊಳ್ಳುವ ಕೆಲಸ ನನ್ನದು.

ಕಳೆದ ತಿಂಗಳು ಲೇತ್ ಕೆಲಸ ಮಾಡುವ ತರುಣರೊಬ್ಬರು ಬಂದರು. "ರಾಯರೇ, ಹುಬ್ಬಳ್ಳಿಯ ಕಾರ್ಖಾನೆಯವರು ನನ್ನನ್ನು ಸಂದರ್ಶನಕ್ಕೆ ಕರೆದಿದ್ದರಂತೆ. ನನಗೆ ಕಾಗದವೇ ಮುಟ್ಟಲಿಲ್ಲ" ಎಂದರು. ಸರ್ವರಿನ ದಿನಚರಿಯನ್ನು ತೆಗೆದು ನೋಡಿದೆ. ಕಾಗದ ನಮ್ಮಲ್ಲಿಗೆ ಬಂದಿತ್ತು. ನಾವು ರವಾನಿಸಿಯೂ ಇದ್ದೆವು. ಆದರೆ ಅವರ ಖಾತೆ ಇರುವ ಕಂಪನಿಯು 550 ಎಂಬ ಸಂಖ್ಯೆಯನ್ನು ಹೇಳಿ ಬಾಗಿಲಿನಲ್ಲೇ ಅದನ್ನು ತಿರಸ್ಕರಿಸಿತ್ತು. ತಿರಸ್ಕಾರದ ಸೂಚನೆಯು ಕಾರ್ಖಾನೆಯಲ್ಲಿ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬಿತ್ತು. ನಮ್ಮಲ್ಲಿ ಪ್ರತಿ ಉಳಿದಿರಲಿಲ್ಲ. ಸಂದರ್ಶನದ ದಿನ ಕಳೆದುಹೋಗಿತ್ತು. ತಪ್ಪು ನನ್ನದೇ. ಅದು ಹೇಗೆಂಬುದನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ಮನೆ ಬದಲಾಯಿಸಿದವರು ಅಂಚೆ ಕಚೇರಿಗೆ ಅರ್ಜಿ ಕೊಟ್ಟರೆ, ಅವರು ಹಳೆಯ ವಿಳಾಸವನ್ನು ಹೊಡೆದು ಹೊಸದನ್ನು ಬರೆದು ಕಾಗದವನ್ನು ಕಳುಹಿಸುತ್ತಾರೆ. ಬರೆದವರು ಯಾರೆಂದು ಅಂಚೆಯವನು ವಿಚಾರಿಸುವುದಿಲ್ಲ. 1982ರಲ್ಲಿ ಇಮೇಲ್ ಸಾಗಣೆಯ ನಿಯಮಗಳು ಅಚ್ಚಾದಾಗ ಇಲ್ಲಿಯೂ ಅದೇ ವಿಶ್ವಾಸವಿತ್ತು. ಆದರೆ ಬ್ಯಾಂಕಿನ ಹೆಸರಿನಲ್ಲಿ, ಸರಕಾರದ ಹೆಸರಿನಲ್ಲಿ ಕಳ್ಳ ಕಾಗದಗಳು ಹೆಚ್ಚಿದ ಮೇಲೆ ಮೂರು ಕಾವಲುಗಳು ಬಂದವು.

ಮೊದಲನೆಯದು ಎಸ್‌ಪಿಎಫ್. 'ನನ್ನ ಹೆಸರಿನಲ್ಲಿ ಕಾಗದ ತರುವ ಯಂತ್ರಗಳು ಇವು' ಎಂದು ಪ್ರತಿಯೊಂದು ಸಂಸ್ಥೆಯೂ ಬಹಿರಂಗವಾಗಿ ಪ್ರಕಟಿಸುವ ಪಟ್ಟಿ ಇದು. ನಾವು ರವಾನಿಸಿದಾಗ ಕಾಗದ ತಂದದ್ದು ನಮ್ಮ ಯಂತ್ರ. ಹುಬ್ಬಳ್ಳಿಯ ಕಾರ್ಖಾನೆಯ ಪಟ್ಟಿಯಲ್ಲಿ ಅದರ ಹೆಸರು ಇರುವುದಾದರೂ ಹೇಗೆ? ಈ ಪರೀಕ್ಷೆಯಲ್ಲಿ ರವಾನಿಸಿದ ಕಾಗದ ಸೋಲುವುದು ಸಹಜ.

ಎರಡನೆಯದು ಡಿಕಿಮ್. ಇದು ಲಕೋಟೆಗೆ ಹಾಕುವ ಅರಗಿನ ಮುದ್ರೆಯಂತೆ. ಯಾರು ಹೊತ್ತು ತಂದರೂ ಮುದ್ರೆ ನಿಲ್ಲುತ್ತದೆ. ಆದರೆ ಮುದ್ರೆಯೊಳಗಿನ ಒಂದಕ್ಷರ ಬದಲಾದರೂ ಒಡೆಯುತ್ತದೆ.

ಮೂರನೆಯದು 2015ರಲ್ಲಿ ಪ್ರಕಟವಾದ ಡಿಮಾರ್ಕ್. ಮೇಲಿನ ಎರಡರಲ್ಲಿ ಒಂದಾದರೂ ಸರಿಯಿದ್ದು, 'ಇಂದ' ಎಂಬಲ್ಲಿ ಕಾಣುವ ಸಂಸ್ಥೆಯ ಹೆಸರಿಗೆ ಹೊಂದಬೇಕು. ಹೊಂದದಿದ್ದರೆ ಬಿಡಬೇಕೇ, ಸ್ಪ್ಯಾಮ್ ಪೆಟ್ಟಿಗೆಗೆ ಹಾಕಬೇಕೇ, ತಿರಸ್ಕರಿಸಬೇಕೇ ಎಂಬುದನ್ನು ಆ ಸಂಸ್ಥೆಯೇ ಸಾರಿರುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ಕಾವಲುಗಳನ್ನು ಬಿಗಿಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಾಗದ ಕಳುಹಿಸುವವರಿಗೆ ಮೂರೂ ಕಡ್ಡಾಯ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸದಸ್ಯರಿಗೆ ಸುಲಭವಾಗಲಿ ಎಂದು ಪ್ರತಿ ಕಾಗದದ ವಿಷಯಸಾಲಿನ ಮೊದಲಿಗೆ 'ವಾಚನಾಲಯ' ಎಂಬ ಪದವನ್ನು ಸೇರಿಸುತ್ತಿದ್ದೆ. ಆ ಒಂದು ಪದದಿಂದ ಕಾರ್ಖಾನೆಯ ಮುದ್ರೆ ಒಡೆಯಿತು. ಪಟ್ಟಿಯೂ ಇಲ್ಲ, ಮುದ್ರೆಯೂ ಇಲ್ಲ. 'ತಿರಸ್ಕರಿಸಿ' ಎಂದು ಕಾರ್ಖಾನೆ ಸಾರಿತ್ತು. ಕಂಪನಿ ಹಾಗೆಯೇ ಮಾಡಿತು.

ಈಗ ಮಾಡಿರುವ ತಿದ್ದುಪಡಿಗಳು ಇವು. ಕಾಗದದಲ್ಲಿ ಏನನ್ನೂ ಸೇರಿಸುವುದಿಲ್ಲ, ತೆಗೆಯುವುದಿಲ್ಲ. ಎಸ್‌ಆರ್‌ಎಸ್ ಎಂಬ ವಿಧಾನದಿಂದ ಹೊರಲಕೋಟೆಯ ಮೇಲೆ ಮಾತ್ರ ನಮ್ಮ ವಿಳಾಸವನ್ನು ಹಾಕುತ್ತೇವೆ; ಇದರಿಂದ ತಿರಸ್ಕಾರದ ಸೂಚನೆ ನಮಗೇ ಹಿಂದಿರುಗುತ್ತದೆ. ಆದರೆ ಇದೊಂದರಿಂದಲೇ ಡಿಮಾರ್ಕ್ ತೃಪ್ತಿಪಡದು, ಮುದ್ರೆ ಉಳಿಯಲೇಬೇಕು. ಕಸದ ಕಾಗದಗಳನ್ನು ಮೊದಲೇ ಸೋಸುತ್ತೇವೆ. ಅವನ್ನೂ ರವಾನಿಸಿದರೆ ನಮ್ಮ ಸರ್ವರಿಗೇ ಕೆಟ್ಟ ಹೆಸರು ಬಂದು, ಒಳ್ಳೆಯ ಕಾಗದಗಳೂ ನಿಲ್ಲುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಕಾಗದದ ಒಂದು ಪ್ರತಿಯನ್ನು ನಮ್ಮಲ್ಲಿ ಉಳಿಸಿಕೊಳ್ಳುತ್ತೇವೆ.

ಇದಕ್ಕಿಂತಲೂ ಒಳ್ಳೆಯ ದಾರಿಯೆಂದರೆ ರವಾನೆಯನ್ನೇ ಬಿಡುವುದು. ಫೋನಿನ ಇಮೇಲ್ ಆ್ಯಪಿನಲ್ಲಿ ಐಮ್ಯಾಪ್ ವಿಧಾನದಿಂದ ವಾಚನಾಲಯದ ಪೆಟ್ಟಿಗೆಯನ್ನು ನೇರವಾಗಿ ತೆರೆಯಬಹುದು. ಆಗ ನಡುವೆ ತಡೆಯುವವರು ಯಾರೂ ಇರುವುದಿಲ್ಲ.

ರವಾನೆಯೇ ಬೇಕೆನ್ನುವವರು ಒಮ್ಮೆ ಪರೀಕ್ಷಿಸಿ ನೋಡಬೇಕು. ನಿಮ್ಮದೇ ಖಾತೆಯಿಂದ ಬರೆದು ನೋಡಬೇಡಿ. ಅದು ಮರಳಿ ಬಂದರೂ ಕಾಣದೇ ಹೋಗಬಹುದು. ಸ್ನೇಹಿತರೊಬ್ಬರಿಂದ ಬರೆಸಿ. ಒಂದು ಗಂಟೆಯೊಳಗೆ ಬಾರದಿದ್ದರೆ ಮೊದಲು ಸ್ಪ್ಯಾಮ್ ಪೆಟ್ಟಿಗೆಯನ್ನು ನೋಡಿ, ಆಮೇಲೆ ನನಗೆ ತಿಳಿಸಿ.

ಆ ತರುಣರ ಪರವಾಗಿ ಕಾರ್ಖಾನೆಗೆ ನಡೆದುದನ್ನು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅರ್ಜಿ ಹಾಕಿ ಕಾದಿರುವ ಸದಸ್ಯರು ಭಾನುವಾರ ಬೆಳಗ್ಗೆ ಫೋನಿನೊಡನೆ ವಾಚನಾಲಯಕ್ಕೆ ಬರಬೇಕೆಂದು ಕೋರುತ್ತೇನೆ. ಹತ್ತು ನಿಮಿಷದ ಕೆಲಸ, ಕೂತು ಸರಿಮಾಡಿಕೊಡುತ್ತೇನೆ.