ಗದ್ದಲದಲ್ಲಿ ಮಾತನ್ನು ಹುಡುಕುವ ಸಾಧನ

ಮಕ್ಕಳೇ, ಕಿವಿ ಮಂದವಾದವರು ಕಿವಿಯ ಹಿಂದೆ ಪುಟ್ಟ ಯಂತ್ರ ಧರಿಸುವುದನ್ನು ನೋಡಿದ್ದೀರಾ? ಅದೇ ಶ್ರವಣ ಸಾಧನ. ಅದರ ಮೈಕು ಸದ್ದನ್ನು ಹಿಡಿಯುತ್ತದೆ. ವರ್ಧಕವು ಅದನ್ನು ಹೆಚ್ಚಿಸುತ್ತದೆ. ಪುಟ್ಟ ಸ್ಪೀಕರು ಕಿವಿಗೆ ಕಳಿಸುತ್ತದೆ. ಆದರೆ ಟೀಚರ ಮಾತಿನ ಜೊತೆಗೆ ಫ್ಯಾನಿನ ಸದ್ದೂ ದೊಡ್ಡದಾಗುತ್ತದಲ್ಲ! ಅದನ್ನು ತಗ್ಗಿಸುವುದು ಹೇಗೆ?

ಈಗಿನ ಡಿಜಿಟಲ್ ಸಾಧನಗಳಲ್ಲಿ ಇದಕ್ಕೆ ಎರಡು ಮುಖ್ಯ ಉಪಾಯಗಳಿವೆ.

ಮೊದಲನೆಯದು, ಏರಿಳಿತವನ್ನು ಗಮನಿಸುವುದು. ಫ್ಯಾನಿನ ಸದ್ದು ಒಂದೇ ಸಮನೆ ಇರುತ್ತದೆ. ಮಾತು ಹಾಗಲ್ಲ, ಒಂದು ಸೆಕೆಂಡಿನಲ್ಲೇ ಹಲವು ಬಾರಿ ಏರಿಳಿಯುತ್ತದೆ. ಸಾಧನದ ಚಿಪ್ ಸದ್ದನ್ನು ದಪ್ಪ ಧ್ವನಿ, ಕೀರಲು ಧ್ವನಿ ಎಂದು ಹಲವು ಭಾಗಗಳಾಗಿ ವಿಂಗಡಿಸುತ್ತದೆ. ಏರಿಳಿತ ಕಡಿಮೆಯಿರುವ ಭಾಗವನ್ನು ತಗ್ಗಿಸುತ್ತದೆ.

ಎರಡನೆಯದು, ದಿಕ್ಕನ್ನು ತಿಳಿಯುವುದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಸಾಧನದಲ್ಲಿ ಹಿಂದೆ ಮುಂದೆ ಎರಡು ಮೈಕುಗಳಿದ್ದರೆ, ಎದುರಿನಿಂದ ಬಂದ ಶಬ್ದ ಮುಂದಿನ ಮೈಕಿಗೆ ತುಸು ಮೊದಲು ತಲುಪುತ್ತದೆ. ಈ ಅತಿ ಸಣ್ಣ ಅಂತರದಿಂದಲೇ ದಿಕ್ಕನ್ನು ತಿಳಿದು, ಹಿಂದಿನಿಂದ ಬರುವ ಸದ್ದನ್ನು ತಗ್ಗಿಸಬಹುದು.

ಆದರೆ ತರಗತಿಯಲ್ಲಿ ಹತ್ತು ಜನ ಒಟ್ಟಿಗೆ ಮಾತನಾಡಿದರೆ? ಆಗ ಗದ್ದಲವೂ ಮಾತೇ! ಯಾವ ಮಾತನ್ನು ಉಳಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ಆರಿಸುವುದು ಸಾಧನಕ್ಕೆ ಬಹಳ ಕಷ್ಟ.

ಅಲ್ಲಿ ನೆರವಾಗಬೇಕಾದವರು ನೀವು. ಶ್ರವಣ ಸಾಧನ ಧರಿಸಿದ ಗೆಳೆಯನ ಹತ್ತಿರ ಹೋಗಿ, ಮುಖ ನೋಡಿ ಮಾತನಾಡಿ. ಕೂಗಬೇಡಿ, ಸ್ಪಷ್ಟವಾಗಿ ಹೇಳಿ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಿ. ಆಗ ಅವನೂ ನಿಮ್ಮಂತೆಯೇ ಪಾಠ ಕೇಳಬಲ್ಲ, ಆಟದಲ್ಲಿ ಸೇರಬಲ್ಲ.