ವಾಟ್ಸನ್ ಹೋಟೆಲಿನ ಕಥೆ: ಬಾಡಿಗೆಯೂ ದುರಸ್ತಿಯೂ

ವ್ಯಾಪಾರಿಯ ಆಸ್ತಿಪಟ್ಟಿಯಲ್ಲಿ ಕಟ್ಟಡವು ಸ್ಥಿರಾಸ್ತಿ ಎನಿಸಿಕೊಂಡರೂ ಅದರ ಉಪಯೋಗ ಎಂದಿಗೂ ಸ್ಥಿರವಲ್ಲ. ಮುಂಬಯಿಯ ಕಾಲಾ ಘೋಡಾ ಬಳಿಯ ಎಸ್ಪ್ಲನೇಡ್ ಮ್ಯಾನ್ಷನ್ ಇದಕ್ಕೆ ಉತ್ತಮ ನಿದರ್ಶನ.

1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಮುಂಬಯಿಗೆ ಹತ್ತಿಯ ಹಣ ಹರಿದುಬಂದಿತು. ಕೋಟೆಯ ಗೋಡೆಗಳನ್ನು ಕೆಡವಿ ಹೊಸ ನಿವೇಶನಗಳನ್ನು ಹರಾಜು ಹಾಕಲಾಯಿತು. ಜವಳಿ ವ್ಯಾಪಾರಿ ಜಾನ್ ಹಡ್ಸನ್ ವಾಟ್ಸನ್ ಅವುಗಳಲ್ಲೊಂದನ್ನು ಕೊಂಡನು. ಮೊದಲು ಅಂಗಡಿ, ಕಛೇರಿಗಳಿಗೆಂದು ಯೋಚಿಸಿದ್ದು ಕಡೆಗೆ ಹೋಟೆಲಾಯಿತು. ವಿನ್ಯಾಸ ರೋಲಂಡ್ ಮೇಸನ್ ಆರ್ಡಿಷ್ ಎಂಬ ಇಂಜಿನಿಯರನದು. ಬೀಡುಕಬ್ಬಿಣದ ಕಂಬ, ತೊಲೆಗಳನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಲಾಯಿತು.

ಐರೋಪ್ಯರಿಗೆ ಮಾತ್ರ ಪ್ರವೇಶವಿದ್ದ ಈ ಹೋಟೆಲಿನಲ್ಲಿ 1896ರಲ್ಲಿ ಲೇಖಕ ಮಾರ್ಕ್ ಟ್ವೇನ್ ತಂಗಿದ್ದನು. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲಬಾರಿಗೆ ಪ್ರದರ್ಶನಗೊಂಡದ್ದೂ ಇಲ್ಲಿಯೇ. 1903ರಲ್ಲಿ ತಾಜ್ ಮಹಲ್ ಹೋಟೆಲ್ ಆರಂಭವಾಯಿತು. ಗಿರಾಕಿಗಳು ಅತ್ತ ವಾಲಿದರು.

ಹೋಟೆಲು ಮುಚ್ಚಿದ ಮೇಲೆ ಕೋಣೆಗಳನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು ಬಾಡಿಗೆಗೆ ಕೊಡಲಾಯಿತು. ನ್ಯಾಯಾಲಯಗಳು ಸಮೀಪದಲ್ಲಿದ್ದುದರಿಂದ ವಕೀಲರು ಬಂದು ನೆಲೆಸಿದರು, ಅಂಗಡಿಗಳೂ ಬಂದವು. ಉಪಯೋಗ ಬದಲಾದುದರಲ್ಲಿ ತಪ್ಪೇನಿರಲಿಲ್ಲ. ಲೆಕ್ಕ ತಪ್ಪಿದ್ದು ಬಾಡಿಗೆಯಲ್ಲಿ.

1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲವೂ ಏರಿದವು, ಬಾಡಿಗೆ ಏರಲಿಲ್ಲ. ಮಾಲೀಕನಿಗೆ ದುರಸ್ತಿಯು ನಷ್ಟದ ಬಾಬತ್ತಾಯಿತು. ಬಾಡಿಗೆದಾರನಿಗೋ, ತನ್ನದಲ್ಲದ ಗೋಡೆಗೆ ಹಣ ಹಾಕುವ ಮನಸ್ಸಿರಲಿಲ್ಲ. 1997ರಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆ ಬಾಡಿಗೆಯನ್ನು ಸ್ಥಗಿತಗೊಳಿಸಿದ್ದು ಕಾಲಕ್ರಮದಲ್ಲಿ ಅಸಮಂಜಸವಾಗಿದೆ ಎಂದಿತು. ಬಳಿಕ ಬಂದ 1999ರ ಮಹಾರಾಷ್ಟ್ರ ಕಾಯಿದೆಯು ವರ್ಷಕ್ಕೆ ಶೇ. 4ರ ಏರಿಕೆಗೆ ಅವಕಾಶವಿತ್ತಿತು. ಅರ್ಧ ಶತಮಾನದ ಬಾಕಿ ಅಷ್ಟರಿಂದ ತುಂಬುವಂತಿರಲಿಲ್ಲ.

2005ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಒಬ್ಬರು ಮೃತಪಟ್ಟರು. ಅದೇ ವರ್ಷ ವಿಶ್ವ ಸ್ಮಾರಕ ನಿಧಿಯು ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಕಟ್ಟಡವನ್ನು ತೆರವುಗೊಳಿಸಲಾಯಿತು. ಮುಂಬಯಿ ಐ.ಐ.ಟಿ.ಯ ವರದಿ ಕೆಡವುವುದೇ ಲೇಸೆಂದಿತು. ಸಂರಕ್ಷಣಾ ತಜ್ಞರು ಉಳಿಸಬಹುದೆಂದು ವಾದಿಸಿದರು. ದಶಕಗಳ ಕಾಲ ಅಲ್ಲಿಯೇ ಕಸಬು ನಡೆಸಿದವರು ಕಡತ, ಮೇಜುಗಳೊಂದಿಗೆ ಬೇರೆ ನೆಲೆ ಹುಡುಕಬೇಕಾಯಿತು.

ನಮ್ಮ ಪೇಟೆಬೀದಿಗಳ ಹಳೆಯ ಕಟ್ಟಡಗಳಿಗೂ ಇದರಲ್ಲಿ ಪಾಠವಿದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆಯು 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅಂತಹ ಕಡೆ ಕರಾರುಪತ್ರಕ್ಕೇ ಪ್ರಾಧಾನ್ಯ. ದುರಸ್ತಿ ಯಾರ ಹೊಣೆ, ಬಾಡಿಗೆ ಎಷ್ಟು ಕಾಲಕ್ಕೊಮ್ಮೆ ಏರಬೇಕು ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು. ಮಾಲೀಕನು ತಾನು ಮಾಡಲೇಬೇಕಾದ ದುರಸ್ತಿಯನ್ನು ನೋಟೀಸು ಕೊಟ್ಟ ಮೇಲೂ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಅವಕಾಶ ನೀಡುತ್ತದೆ. ಕರಾರಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಷರತ್ತು ಇರಬಾರದು ಅಷ್ಟೆ.

ಇನ್ನು ಮಾಲೀಕರ ವಿಷಯ. ಗೃಹಸ್ವತ್ತಿನ ಆದಾಯ ಎಣಿಸುವಾಗ, ಪುರಸಭಾ ತೆರಿಗೆ ಕಳೆದ ಮೊತ್ತದಲ್ಲಿ ಶೇ. 30ರಷ್ಟು ಕಡಿತ ದೊರೆಯುತ್ತದೆ. ಖರ್ಚು ಮಾಡಿದರೂ ಸರಿ, ಮಾಡದಿದ್ದರೂ ಸರಿ. ಅನೇಕರು ಅದನ್ನು ಉಳಿತಾಯವೆಂದೇ ಭಾವಿಸುತ್ತಾರೆ. ಅದರಲ್ಲೊಂದು ಪಾಲನ್ನು ಪ್ರತಿವರ್ಷ ದುರಸ್ತಿ ನಿಧಿಗೆ ತೆಗೆದಿಡುವುದು ಜಾಣತನ. ಸೋರುವ ಮಾಳಿಗೆಯ ಖರ್ಚು ಮುಂದೂಡಿದಷ್ಟೂ ಬೆಳೆಯುವ ಸಾಲ. ಅದು ಯಾವ ಅಢಾವೆ ಪತ್ರಿಕೆಯಲ್ಲಿಯೂ ಕಾಣುವುದಿಲ್ಲ.