ದುಬೈ ಹೋಟೆಲಿಗೆ ಊರಿನ ಹುಡುಗರನ್ನ ಕರೆಸ್ತೀರಾ? ವಿಮಾನ ಹತ್ತಿಸುವ ಮುಂಚೆ ಇಷ್ಟು ಗೊತ್ತಿರಲಿ

ಕುಂದಾಪುರ: ಹೋದ ವಾರ ಪೇಟೆಯಲ್ಲಿ ಪರಿಚಯದ ದಿನಸಿ ಅಂಗಡಿಯವರೊಬ್ಬರು ಕರೆದು ಕೂರಿಸಿ ಒಂದು ವಿಷಯ ಕೇಳಿದರು. ಅವರ ತಮ್ಮ ದುಬೈನಲ್ಲಿ ಸಣ್ಣ ಹೋಟೆಲ್ ಶುರು ಮಾಡ್ತಾ ಇದ್ದಾರೆ. ಅಡುಗೆಗೆ, ಸಪ್ಲೈಗೆ ಊರಿನಿಂದಲೇ ನಾಲ್ಕು ಹುಡುಗರು ಬೇಕು. "ಈಗ ವಿಸಿಟ್ ವೀಸಾದಲ್ಲಿ ಕಳಿಸ್ತೇವೆ, ಕೆಲಸ ಕಲಿತ ಮೇಲೆ ಬೇರೆ ವೀಸಾ ಮಾಡಿಸಿದ್ರಾಯ್ತು. ನಮ್ಮೂರಿನವರೇ ಅಲ್ವಾ, ಪೇಪರ್ ಎಲ್ಲ ಯಾಕೆ?" ಅಂದರು.

ಕುಂದಾಪುರ, ಬೈಂದೂರು, ಭಟ್ಕಳ ಕಡೆ ಈ ಮಾತು ಹೊಸತಲ್ಲ. ಒಬ್ಬರು ಗಲ್ಫಿಗೆ ಹೋಗಿ ನೆಲೆ ನಿಂತರೆ ಹಿಂದೆಯೇ ಅಕ್ಕಪಕ್ಕದ ಮನೆಯವರು ಹೋಗ್ತಾರೆ. ಆದರೆ ಒಂದು ವಿಷಯ ಗೊತ್ತಿರಲಿ. ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿನ ಕಾನೂನೇ ಲೆಕ್ಕ. ಮಾಲೀಕರು ಕುಂದಾಪುರದವರು, ಹುಡುಗ ಬೈಂದೂರಿನವನು, ಮಾತುಕತೆ ಆದದ್ದು ನಮ್ಮ ಅಂಗಡಿ ಜಗಲಿಯಲ್ಲಿ ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಯುಎಇಯಲ್ಲಿ ಖಾಸಗಿ ಕೆಲಸಗಾರರಿಗೆ ಅನ್ವಯ ಆಗುವುದು 2021ರ 33ನೇ ನಂಬರಿನ ಕಾರ್ಮಿಕ ಕಾನೂನು. ಅದು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ.

ವಿಸಿಟ್ ವೀಸಾದಲ್ಲಿ ಕೆಲಸ ಬೇಡ

ವರ್ಕ್ ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ವರೆಗೆ ದಂಡ. 2024ರಲ್ಲಿ ಕಾನೂನು ತಿದ್ದಿ ದಂಡವನ್ನು ಇಷ್ಟಕ್ಕೆ ಏರಿಸಿದ್ದಾರೆ. ನಾಲ್ಕು ಮೇಜಿನ ಹೋಟೆಲಿಗೆ ಇದು ಬಾಗಿಲು ಹಾಕಿಸುವ ಮೊತ್ತ. ಸಿಕ್ಕಿಬಿದ್ದ ಹುಡುಗನಿಗೂ ದಂಡ, ಗಡಿಪಾರಿನ ಅಪಾಯ ಇದೆ. ಮೊದಲು ಆಫರ್ ಲೆಟರ್, ಆಮೇಲೆ ಪರ್ಮಿಟ್, ಆಮೇಲೆ ವಿಮಾನ. ಈ ಕ್ರಮ ತಪ್ಪಬಾರದು.

ವೀಸಾ ಖರ್ಚು ಯಾರದ್ದು?

ಮಾಲೀಕರದ್ದು. ಕೆಲಸಕ್ಕೆ ಕರೆಸಿದ ಖರ್ಚನ್ನು ಹುಡುಗನಿಂದ ನೇರವಾಗಿಯೂ ವಸೂಲು ಮಾಡುವ ಹಾಗಿಲ್ಲ, ಸುತ್ತುಬಳಸಿಯೂ ಮಾಡುವ ಹಾಗಿಲ್ಲ. "ತಿಂಗಳಿಗೆ ಇಷ್ಟಿಷ್ಟು ಸಂಬಳದಲ್ಲಿ ಮುರ್ಕೊಳ್ತೇನೆ" ಅನ್ನುವುದೂ ತಪ್ಪೇ. ಹಾಗೇ ಪಾಸ್‌ಪೋರ್ಟ್. "ಕಳೆದು ಹೋಗ್ತದೆ, ನನ್ನತ್ರ ಇರ್ಲಿ" ಅಂತ ತೆಗೆದಿಟ್ಟುಕೊಳ್ಳುವುದು ನಮ್ಮವರಲ್ಲೂ ಇದೆ. ಕಾನೂನು ಇದಕ್ಕೆ ಒಪ್ಪುವುದಿಲ್ಲ.

ಬೇಸಿಕ್ ಎಷ್ಟು ಅಂತ ನೋಡಿ

ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವುದು ಬೇಸಿಕ್ ಸಂಬಳದ ಮೇಲೆ ಮಾತ್ರ. ಒಂದು ವರ್ಷ ಪೂರ್ತಿ ಆದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು.

ಒಟ್ಟು ಸಂಬಳ 1,600 ದಿರ್ಹಮ್ ಅಂತ ಇಟ್ಟುಕೊಳ್ಳಿ. ಕಾಂಟ್ರಾಕ್ಟಿನಲ್ಲಿ ಬೇಸಿಕ್ 1,000, ಉಳಿದ 600 ಭತ್ಯೆ ಅಂತ ಬರೆದಿದ್ದರೆ ನಾಲ್ಕು ವರ್ಷಕ್ಕೆ ಕೈಗೆ ಬರುವುದು 2,800 ದಿರ್ಹಮ್. ಪೂರ್ತಿ 1,600 ಬೇಸಿಕ್ ಅಂತ ಬರೆದಿದ್ದರೆ 4,480. ತಿಂಗಳ ಸಂಬಳ ಒಂದೇ, ಒಂದು ಸಾಲಿನಲ್ಲಿ 1,680 ದಿರ್ಹಮ್ ವ್ಯತ್ಯಾಸ. ಸಹಿ ಹಾಕುವ ಮುಂಚೆ ಹುಡುಗನಿಗೆ ಕನ್ನಡದಲ್ಲಿ ಓದಿ ಹೇಳಿ.

ಹೊತ್ತು, ರಜೆ, ಸಂಬಳ

ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ದಿನಕ್ಕೆ ಹೆಚ್ಚೆಂದರೆ 2 ಗಂಟೆ, ಅದಕ್ಕೆ 25% ಜಾಸ್ತಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ ಜಾವ 4ರ ನಡುವೆ ಆದರೆ 50% (ಶಿಫ್ಟ್ ಲೆಕ್ಕದಲ್ಲಿ ದುಡಿಯುವವರಿಗೆ ಈ ರಾತ್ರಿ ದರ ಇಲ್ಲ). ವಾರಕ್ಕೆ ಒಂದು ದಿನ ರಜೆ. ವರ್ಷ ತುಂಬಿದವರಿಗೆ ಸಂಬಳ ಸಹಿತ 30 ದಿನ ರಜೆ.

ಟ್ರಯಲ್ ಅಂತ ಇಟ್ಟುಕೊಳ್ಳುವುದು 6 ತಿಂಗಳಿಗಿಂತ ಜಾಸ್ತಿ ಇಲ್ಲ. ಆ ಸಮಯದಲ್ಲಿ ತೆಗೆಯುವುದಾದರೂ 14 ದಿನ ಮುಂಚೆ ಬರೆದು ಕೊಡಬೇಕು. ಸಂಬಳ ಅಲ್ಲಿನ ಸರ್ಕಾರದ ಡಬ್ಲ್ಯೂಪಿಎಸ್ ವ್ಯವಸ್ಥೆ ಮೂಲಕ, ಬ್ಯಾಂಕಿನಿಂದಲೋ ಎಕ್ಸ್‌ಚೇಂಜಿನಿಂದಲೋ ಹೋಗಬೇಕು. ಇದರಿಂದ ಮಾಲೀಕರಿಗೂ ಲಾಭ. ನಾಳೆ ಜಗಳ ಆಗಿ "ಸಂಬಳವೇ ಕೊಡಲಿಲ್ಲ" ಅಂತ ದೂರು ಹೋದರೆ ತೋರಿಸಲು ದಾಖಲೆ ಇರ್ತದೆ.

ಇಲ್ಲಿ ಆಗಬೇಕಾದ ಕೆಲಸ

ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲವೇ? ಹಾಗಿದ್ದರೆ ಸಾಮಾನ್ಯವಾಗಿ ಅವನದು ಇಸಿಆರ್ ಪಾಸ್‌ಪೋರ್ಟ್ ಆಗಿರ್ತದೆ. ಯುಎಇಗೆ ಕೆಲಸಕ್ಕೆ ಹೋಗಲು ಇ-ಮೈಗ್ರೇಟ್ ಪೋರ್ಟಲ್ ಮೂಲಕ ಕ್ಲಿಯರೆನ್ಸ್ ಬೇಕು. ಅವನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ ವಿಮೆ ಇದರಲ್ಲಿ ಇದೆ. ಏಜೆಂಟ್ ಮೂಲಕ ಹೋಗುವುದಾದರೆ ಅವರು ಅದೇ ಪೋರ್ಟಲಿನಲ್ಲಿ ನೋಂದಣಿ ಆದವರೇ ಇರಬೇಕು. ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ.

ಇದು ದುಬೈ, ಶಾರ್ಜಾ, ಅಬುಧಾಬಿಯ ಮಾತು. ಸೌದಿ, ಕುವೈತ್, ಕತಾರ್‌ಗೆ ಬೇರೆ ಬೇರೆ ಕಾನೂನು. ಯುಎಇಯಲ್ಲೇ ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಇದೆ. ಅಲ್ಲಿ ತೊಂದರೆಯಾದ ಭಾರತೀಯರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಯುಎಇ ಒಳಗಿನಿಂದ ಟೋಲ್ ಫ್ರೀ ನಂಬರ್ 800 46342. ಹೋಗುವ ಮುಂಚೆಯೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಅಂಗಡಿಯವರಿಗೆ ಇದನ್ನೆಲ್ಲ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊರಿನವರ ಹತ್ರ ಕಾಗದ ಮಾಡಿಸಿದ್ರೆ ನಂಬಿಕೆ ಇಲ್ಲ ಅಂದ್ಕೊಳ್ತಾರಲ್ಲ" ಅಂದರು. ಆ ಮಾತು ನನಗೂ ಅರ್ಥ ಆಗ್ತದೆ. ಆದರೆ ಹುಡುಗನಿಗೆ ಅಲ್ಲಿ ಕಾಯಿಲೆ ಬಂದರೆ, ಕೈಗೆ ಬಿಸಿ ಎಣ್ಣೆ ಬಿದ್ದರೆ, ಅವನ ಅಮ್ಮ ಬಂದು ನಿಲ್ಲುವುದು ದುಬೈ ಹೋಟೆಲಿನ ಮುಂದೆ ಅಲ್ಲ, ಇದೇ ದಿನಸಿ ಅಂಗಡಿ ಮುಂದೆ. ಆಗ ಕೊಡಲು ಉತ್ತರ ಇರಬೇಕಾದರೆ ಈಗ ಕಾಗದ ಇರಬೇಕು.

ಸಂಜೆ ಅವರು ತಮ್ಮನಿಗೆ ಫೋನ್ ಮಾಡಿದರಂತೆ. ಟಿಕೆಟ್ ಸದ್ಯಕ್ಕೆ ಮಾಡಿಸಿಲ್ಲ. ಮೊದಲು ಪರ್ಮಿಟ್‌ಗೆ ಅರ್ಜಿ ಹಾಕ್ತಾರಂತೆ.